ಯಾರೂ ಮಲಗದ ಹಾಸಿಗೆ

ಬೆಡ್‌ಶೀಟು ಹಿಂಡುವುದಕ್ಕೆ ಇಬ್ಬರು ಬೇಕು. ಈ ತುದಿಗೊಬ್ಬರು, ಆ ತುದಿಗೊಬ್ಬರು. ಎದುರುಬದುರು ನಿಂತು ಇಬ್ಬರೂ ತಂತಮ್ಮ ಬಲಕ್ಕೆ ತಿರುವಬೇಕು. ನಡುವಿನ ಬಟ್ಟೆ ಮೊದಲು ಹಗ್ಗವಾಗುತ್ತದೆ, ಆಮೇಲೆ ಕೋಲಿನ ಹಾಗೆ ಬಿಗಿಯುತ್ತದೆ. ಆಗ ನೀರು ಇಳಿಯುತ್ತದೆ.

ಹೋದ ಮಳೆಗಾಲದಿಂದ ಬಂಗಲೆಯಕ್ಕ ಒಬ್ಬಳೇ ಹಿಂಡುತ್ತಿದ್ದಾಳೆ. ಒಂದು ತುದಿಯನ್ನು ಅಡುಗೆಮನೆ ಹಿಂದಿನ ಕಿಟಕಿಯ ಸರಳಿಗೆ ಕಟ್ಟುತ್ತಾಳೆ. ಸರಳು ತಿರುಗುವುದಿಲ್ಲ. ಇವಳೇ ಎರಡರಷ್ಟು ತಿರುವಬೇಕು. ಹತ್ತು ತಿರುವಿಗೆ ಮಣಿಕಟ್ಟು ಉರಿಯುತ್ತದೆ. ಹದಿನೈದಕ್ಕೆ ಭುಜ ಹಿಡಿಯುತ್ತದೆ. ಸರಳು ಮುಟ್ಟಿದ ಕಡೆ ಬಟ್ಟೆಗೆ ತುಕ್ಕಿನ ಕಲೆ ಕೂರುತ್ತದೆ. ಅದಕ್ಕೆ ಬೈಗುಳ ಬೇರೆ.

ಬಂಗಲೆಯಕ್ಕ ಅನ್ನುವುದು ಊರವರು ಇಟ್ಟ ಹೆಸರು. ಬಂಗಲೆ ಅವಳದ್ದಲ್ಲ. ಅದು ಸರ್ಕಾರದ್ದು. ಕೆಲಸದ ಮೇಲೆ ಬರುವ ದೊಡ್ಡ ಮನುಷ್ಯರು ಉಳಿದುಕೊಳ್ಳುವ ಮನೆ. ಹೊಳೆಯ ಈಚೆ ದಡದಲ್ಲಿ, ಡಾಂಬರು ರಸ್ತೆ ಮುಗಿಯುವಲ್ಲಿ ಇದೆ. ಎರಡು ಕೋಣೆ, ಊಟದ ಮೇಜು, ಆರು ಕುರ್ಚಿ. ಆ ಕುರ್ಚಿಗಳನ್ನು ಅವಳು ಹತ್ತೊಂಬತ್ತು ವರ್ಷದಿಂದ ಒರೆಸುತ್ತಿದ್ದಾಳೆ. ಒಂದರಲ್ಲೂ ಕೂತಿಲ್ಲ. ಅವಳ ಮನೆ ಹೊಳೆಯ ಆಚೆ ದಡದ ಕೇರಿಯಲ್ಲಿ. ಅಲ್ಲಿ ನಲವತ್ತು ಮನೆ. ಎಲ್ಲ ಕಲ್ಲು ಒಡೆಯುವವರು. ನಡುವೆ ಹೊಳೆ. ಬೇಸಿಗೆಯಲ್ಲಿ ಮೊಣಕಾಲು, ಮಳೆಗಾಲದಲ್ಲಿ ಎದೆ, ಕೆಲವು ದಿನ ತಲೆ. ದಾಟುವುದಕ್ಕೆ ಒಂದು ಹಗ್ಗ. ಈ ದಡದ ಮರಕ್ಕೂ ಆ ದಡದ ಬಂಡೆಗೂ ಕೇರಿಯವರೇ ಕಟ್ಟಿಕೊಂಡದ್ದು.

ಬಂಗಲೆಯಲ್ಲಿ ಒಂದು ರಿಜಿಸ್ಟರು ಇದೆ. ಅದನ್ನು ನೋಡಿಕೊಳ್ಳುವವನು ಗುಮಾಸ್ತ. ಯಾರು ಬಂದರು, ಯಾಕೆ ಬಂದರು, ಎಷ್ಟು ಹೊತ್ತು ಇದ್ದರು ಎಲ್ಲ ಅದರಲ್ಲಿ ಬರೆಯಬೇಕು. ಬರೆದರೆ ಸಾಲದು. ಸಾಲಿನ ಕೊನೆಗೆ ಒಗೆಯುವವಳ ಹೆಬ್ಬೆಟ್ಟು ಬೀಳಬೇಕು. "ಬೆಡ್‌ಶೀಟು ಎರಡು, ದಿಂಬಿನ ಕವರು ಎರಡು, ಟವೆಲು ಒಂದು, ಒಗೆದದ್ದು." ಅದರ ಪಕ್ಕ ಹೆಬ್ಬೆಟ್ಟು. ಹಿಂದಿನ ಕಾಲದ ಯಾವನೋ ಬುದ್ಧಿವಂತ ಮಾಡಿದ ನಿಯಮ. ಸಾಹೇಬರು ಸುಳ್ಳು ಹೇಳಬಹುದು, ಗುಮಾಸ್ತ ಸುಳ್ಳು ಬರೆಯಬಹುದು, ಕೊಳೆಬಟ್ಟೆ ಸುಳ್ಳು ಹೇಳುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಗುಮಾಸ್ತ ರಿಜಿಸ್ಟರು ತೆರೆದಿಟ್ಟು ಕರೆದ.

"ಬಾ ಇಲ್ಲಿ. ಮಂತ್ರಿಗಳು ಎರಡು ರಾತ್ರಿ ಇದ್ದು ಹೋದ್ರು. ಒತ್ತು."

"ಯಾವಾಗ ಬಂದಿದ್ರು ಸಾರ್?"

"ಮೊನ್ನೆ."

"ಮೊನ್ನೆ ನಾನು ಇಲ್ಲೇ ಇದ್ದೆನಲ್ಲ. ಯಾರೂ ಬಂದಿಲ್ಲ."

"ಯಾರು ಎಲ್ಲಿ ಮಲಗಿದ್ರು ಅಂತ ನೋಡೋದಾ ನಿನ್ನ ಕೆಲಸ? ಬಾಯಿ ಮುಚ್ಕೊಂಡು ಒತ್ತು."

ಅವಳು ಹೆಬ್ಬೆಟ್ಟಿನ ಕಡೆ ನೋಡಿಕೊಂಡಳು. ಚಿಕ್ಕವಳಿದ್ದಾಗ ಕಲ್ಲಿನ ಚೂರು ಹಾರಿ ಸೀಳಿದ ಗಾಯದ ಗೆರೆ ಅದರ ಮೇಲೆ ಅಡ್ಡಡ್ಡ ಇದೆ. ಅವಳ ಬಳಿ ಅವಳದ್ದು ಅಂತ ಇದ್ದ ಸಹಿ ಅದೊಂದೇ.

"ಒಗೆದೇ ಇಲ್ಲ, ಒಗೆದೆ ಅಂತ ಹೆಂಗೆ ಒತ್ತಲಿ ಸಾರ್?" ಅಂದಳು. "ತಡೀರಿ. ಒಗೆದು ಬಂದು ಒತ್ತುತೀನಿ."

ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಕೋಣೆಗೆ ಹೋದಳು. ಮಡಿಕೆ ಮುರಿಯದ ಬೆಡ್‌ಶೀಟುಗಳನ್ನು ಬಿಚ್ಚಿದಳು. ಬಿಸಿನೀರು ಕಾಯಿಸಿದಳು. ಸೋಪು ಹಾಕಿ, ಕಲ್ಲಿನ ಮೇಲೆ ಬಡಿದು, ತಂಗಿಯ ಜೊತೆ ಹಿಂಡಿ, ಒಣಗಿಸಿ, ಆಮೇಲೆ ಒತ್ತಿದಳು. ಅವಳ ಲೆಕ್ಕದಲ್ಲಿ ಹೆಬ್ಬೆಟ್ಟು ಈಗ ಸುಳ್ಳಲ್ಲ.

ತಂಗಿಯೂ ಬಂಗಲೆಯಲ್ಲೇ ಕೆಲಸಕ್ಕಿದ್ದಳು. ಬೆಡ್‌ಶೀಟಿನ ಆ ತುದಿಗೆ ಯಾವಾಗಲೂ ಅವಳೇ. ಬಾಯಿ ಜೋರು.

"ಅಕ್ಕಾ, ನಮ್ಮ ಮಂತ್ರಿಗಳು ಎಂಥಾ ಹಗುರದ ಮನುಷ್ಯರು ನೋಡು. ಎರಡು ದಿನ ಹೊರಳಾಡಿದ್ರೂ ಒಂದು ಸುಕ್ಕಿಲ್ಲ."

"ಮೆಲ್ಲಗೆ ಮಾತಾಡೇ."

"ಏನು ಮೆಲ್ಲಗೆ? ದೇವರಾದ್ರೂ ಮಲಗಿದ ಕಡೆ ಒಂದು ಗುರುತು ಬಿಟ್ಟಿರ್ತಾನೆ. ಇವರು ಅವನಿಗಿಂತ ಮೇಲು. ತಿರುವು ಅಕ್ಕಾ, ತಿರುವು."

ಹೀಗೆ ಆರು ಸಲ ಆಯಿತು. ಆರು ಸಲವೂ ಹಾಸಿಗೆಯಲ್ಲಿ ಯಾರೂ ಮಲಗಲಿಲ್ಲ. ಆರು ಸಲವೂ ಅಕ್ಕತಂಗಿಯರು ಶುಭ್ರ ಬಟ್ಟೆ ಒಗೆದರು.

ನಾಲ್ಕನೆಯ ಸಲ ಮಾತ್ರ ಗಾಡಿ ಬಂತು. ಮಂತ್ರಿಗಳಿರಲಿಲ್ಲ. ಡ್ರೈವರ್ ಒಬ್ಬನೇ. ರಿಜಿಸ್ಟರಿಗೆ ಬೇಕಾದ ಕಾಗದ ತಂದಿದ್ದ. ಗಾಡಿಯನ್ನು ನೆರಳಿಗೆ ಹಾಕಿ, "ಅಕ್ಕಾ, ಒಳಗೆ ಸ್ವಲ್ಪ ಗುಡಿಸಿಕೊಡ್ತೀರಾ, ಸೊಂಟ ಬಿದ್ದುಹೋಗಿದೆ" ಅಂದ.

ಬಾಗಿಲು ತೆಗೆದರೆ ಕಾಲಡಿಯ ಹಾಸಿನ ತುಂಬಾ ಮರಳು. ಹೊಳೆಯ ಮರಳಲ್ಲ. ಹೊಳೆಯ ಮರಳು ದಪ್ಪ, ಕಂದು. ಇದು ಹಿಟ್ಟಿನಂತೆ ನಯ, ಬೆಳ್ಳಗೆ. ಸೀಟಿನ ಸಂದಿಯಲ್ಲಿ, ಬಾಗಿಲ ಗೂಡಿನಲ್ಲಿ, ಎಲ್ಲೆಲ್ಲೂ ಅದೇ. ಹಿಂದಿನ ಸೀಟಿನಡಿ ಮಗುವಿನ ಕೆಂಪು ಪ್ಲಾಸ್ಟಿಕ್ ಬಕೀಟು. ಅದರ ತಳದಲ್ಲಿ ಒಂದು ಕಪ್ಪೆಚಿಪ್ಪು.

"ಇದೆಲ್ಲಿಂದು?" ತಂಗಿ ಕೇಳಿದಳು.

"ಸಮುದ್ರದ್ದು. ಮೊಮ್ಮಗಳಿಗೆ ಆಡಿಸೋಕೆ ಕರ್ಕೊಂಡು ಹೋಗಿದ್ರು. ಅಳಿಯಂದಿರ ಮನೆ ಅಲ್ಲೇ. ನಾಲ್ಕು ದಿನ." ಡ್ರೈವರ್ ಬೀಡಿ ಹಚ್ಚಿದ. "ಸಮುದ್ರಕ್ಕೆ ಹೋದ್ರು ಅಂತ ಬರೆದ್ರೆ ಖರ್ಚು ಅವರದ್ದು. ಹೊಳೆ ತಪಾಸಣೆಗೆ ಬಂದ್ರು ಅಂತ ಬರೆದ್ರೆ ಗಾಡಿ, ಎಣ್ಣೆ, ಊಟ, ಎಲ್ಲಾ ಸರ್ಕಾರದ್ದು. ಅದಕ್ಕೇ ನಿಮ್ಮ ಹಾಸಿಗೆ ಬೇಕು."

"ಸರ್ಕಾರದ್ದು ಅಂದ್ರೆ ಯಾರದ್ದು?"

"ನಿಮ್ಮದೇ. ಬೆಂಕಿಪೊಟ್ಟಣ ಕೊಳ್ಳುವಾಗ ಕೊಡ್ತೀರಲ್ಲ, ಅದರಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತೆ."

"ಸೋಪಿಗೂ?"

"ಸೋಪಿಗೂ."

ತಂಗಿ ಚಿಪ್ಪನ್ನು ಕಿವಿಗಿಟ್ಟುಕೊಂಡಳು. ಅವಳು ಸಮುದ್ರ ಕಂಡವಳಲ್ಲ. "ಅಕ್ಕಾ, ಕೇಳು. ನಮ್ಮ ಸೋಪು ನೊರೆ ಬಿಡ್ತಾ ಇದೆ" ಅಂದಳು. ಡ್ರೈವರ್ ನಗಲಿಲ್ಲ. ಬೀಡಿ ಆರಿಸಿ, "ಚಿಪ್ಪು ನೀವೇ ಇಟ್ಕೊಳ್ಳಿ" ಅಂತ ಹೇಳಿ ಗಾಡಿ ಹತ್ತಿದ. ಅಕ್ಕತಂಗಿಯರು ಮಂಡಿಯೂರಿ ಗುಡಿಸಿದ ಮರಳು ಒಂದು ಮೊರದಷ್ಟಾಗಿತ್ತು.

ಏಳನೆಯ ಸಲದ್ದು ಹೋದ ಮಳೆಗಾಲದಲ್ಲಿ.

ಮೂರು ದಿನದಿಂದ ಬಿಡದೆ ಸುರಿದಿತ್ತು. ಹೊಳೆ ಕೆಂಪಗೆ ಹರಿಯುತ್ತಿತ್ತು. ಬೆಳಗ್ಗೆ ಗುಮಾಸ್ತ ಈಚೆ ದಡದಲ್ಲಿ ಕೊಡೆ ಹಿಡಿದು ನಿಂತು ಕೂಗಿದ. "ಈ ಸಲ ನಿಜವಾಗ್ಲೂ ಬರ್ತಾರೆ! ಇಬ್ಬರೂ ಬನ್ನಿ! ಬರದಿದ್ರೆ ಕೆಲಸದಿಂದ ತೆಗೀತೀನಿ!"

ಇಬ್ಬರೂ ಹಗ್ಗ ಹಿಡಿದು ಇಳಿದರು. ಅಕ್ಕ ಮುಂದೆ, ತಂಗಿ ಹಿಂದೆ. ನಡುಹೊಳೆಯಲ್ಲಿ ನೀರು ಕುತ್ತಿಗೆಗೆ ಬಂತು. ಮೇಲಿಂದ ಒಂದು ಮರದ ದಿಮ್ಮಿ ಬಂತು. ಅಕ್ಕ ತಿರುಗಿ ನೋಡುವಷ್ಟರಲ್ಲಿ ಹಗ್ಗದ ಮೇಲೆ ಎರಡು ಕೈ ಇತ್ತು, ಆಮೇಲೆ ಒಂದು, ಆಮೇಲೆ ಬರೀ ಹಗ್ಗ.

ಮಧ್ಯಾಹ್ನ ಕಲ್ಲುಕ್ವಾರಿಯ ತಿರುವಿನಲ್ಲಿ ಬೇರುಗಳ ನಡುವೆ ಸಿಕ್ಕಳು. ಸೊಂಟದ ಗಂಟು ಬಿಚ್ಚಿದರೆ ಒಳಗೆ ಕಪ್ಪೆಚಿಪ್ಪು.

ಮಂತ್ರಿಗಳು ಬರಲಿಲ್ಲ.

ಮೂರನೆಯ ದಿನ ಅವಳು ಕೆಲಸಕ್ಕೆ ಹೋದಳು. ಹೋಗದಿದ್ದರೆ ಇದ್ದ ಕೆಲಸವೂ ಇರುವುದಿಲ್ಲ. ತಂಗಿಯ ಇಬ್ಬರು ಮಕ್ಕಳ ಹೊಟ್ಟೆ ಈಗ ಇವಳ ಪಾಲಿಗೂ ಬಂದಿತ್ತು. ಗುಮಾಸ್ತ ಏನೋ ತೆರೆದಿಟ್ಟ. ಏನೋ ಅಂದ. ಅವಳು ಒತ್ತಿದಳು. ಏನು ಒತ್ತಿದೆ ಅಂತ ಆ ದಿನ ಅವಳಿಗೆ ಗೊತ್ತಾಗಲಿಲ್ಲ.

ಕೇರಿಯಲ್ಲೊಬ್ಬ ದರ್ಜಿ ಇದ್ದಾನೆ. ಅಕ್ಷರ ಬಲ್ಲವನು. ಒಂದು ಕಾಲು ಊನ, ಅದಕ್ಕೆ ಕ್ವಾರಿ ಅವನಿಗೆ ತಪ್ಪಿತು. ತಂಗಿ ತೀರಿಕೊಂಡ ವಾರ ಅವನು ತನ್ನ ಅಳತೆ ಟೇಪು ಹಿಡಿದು ಹೊಳೆಗಿಳಿದ. ಬಿದಿರಿನ ಗಳು ನೆಟ್ಟು ನೀರು ಅಳೆದ. "ಹೊಳೆಗೂ ಒಂದು ಅಂಗಿ ಹೊಲೀತೀಯೇನೋ?" ಅಂತ ಯಾರೋ ಕೇಳಿದರು. "ಹೂಂ, ಕಾಲರ್ ಇಲ್ಲಿಗೆ ಬರುತ್ತೆ" ಅಂತ ತನ್ನ ಕುತ್ತಿಗೆ ತೋರಿಸಿದ. ಆ ಅಳತೆ ಹಾಕಿ ಅರ್ಜಿ ಬರೆದ. ನಮಗೆ ಬಸ್ಸು ಬೇಡ, ರಸ್ತೆ ಬೇಡ. ನಡೆದು ದಾಟುವಷ್ಟು ಅಗಲದ ಒಂದು ಕಾಲುಸೇತುವೆ ಬೇಕು. ನಲವತ್ತು ಮನೆಯವರೂ ಸಹಿ ಹಾಕಿದರು.

ಎಂಟು ತಿಂಗಳಿಗೆ ಉತ್ತರ ಬಂತು. ದರ್ಜಿಯ ಮಿಷನ್ನಿನ ಸುತ್ತ ಜನ ಕೂಡಿದರು. ಅವನು ಓದಿದ.

"ಮಾನ್ಯ ಮಂತ್ರಿಗಳು ಸದರಿ ಸ್ಥಳದಲ್ಲಿ ಏಳು ಬಾರಿ ವಾಸ್ತವ್ಯ ಹೂಡಿ ಖುದ್ದು ತಪಾಸಣೆ ನಡೆಸಿರುತ್ತಾರೆ. ಏಳನೆಯ ಬಾರಿ, ಮಳೆಗಾಲದಲ್ಲೇ, ಕಾಲ್ನಡಿಗೆಯಿಂದ ಹೊಳೆಯನ್ನು ದಾಟಿರುತ್ತಾರೆ. ಬೂಟು ತೋಯುವಷ್ಟೂ ನೀರಿಲ್ಲದಿರುವುದು ಕಂಡುಬಂದಿರುತ್ತದೆ. ಆದುದರಿಂದ ಸೇತುವೆಯ ಅಗತ್ಯವಿರುವುದಿಲ್ಲ. ಸಾಕ್ಷಿಗೆ ರಿಜಿಸ್ಟರಿನ ಪ್ರತಿ ಲಗತ್ತಿಸಿದೆ."

ದರ್ಜಿ ಪ್ರತಿಯನ್ನು ತಿರುಗಿಸಿದ. ಏಳನೆಯ ಸಾಲಿನ ದಿನಾಂಕ ನೋಡಿದ. ಅದರ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದ.

"ಯಾವ ದಿನವೋ?" ತಂಗಿಯ ಗಂಡ ಕೇಳಿದ. ಕಲ್ಲಿನ ಧೂಳು ಕುಡಿದು ಸೊರಗಿದ ಮನುಷ್ಯ. ಹೆಚ್ಚು ಮಾತಿಲ್ಲ.

ದರ್ಜಿ ಹೇಳಿದ. ಆಸ್ಪತ್ರೆಯವರು ಕೊಟ್ಟ ಸಾವಿನ ಚೀಟಿಯಲ್ಲಿರುವ ದಿನ ಅದೇ.

ಕಾಗದ ಕೈಯಿಂದ ಕೈಗೆ ಹೋಯಿತು. ಓದು ಬಾರದವರೂ ನೋಡಿದರು. ಕೊನೆಗೆ ಬಂಗಲೆಯಕ್ಕನ ಕೈಗೆ ಬಂತು. ಅಕ್ಷರ ಅವಳಿಗೆ ತಿಳಿಯದು. ಆದರೆ ಸಾಲಿನ ಕೊನೆಯ ಕಪ್ಪು ಮೊಟ್ಟೆ ತಿಳಿಯಿತು. ಅದರ ಮೇಲೆ ಅಡ್ಡಡ್ಡ ಒಂದು ಬಿಳಿ ಗೆರೆ. ಗಾಯದ ಗೆರೆ. ಒಂದಲ್ಲ. ಏಳು.

"ನಿನ್ನದೇ ಅಲ್ವೇನೇ?" ಒಬ್ಬಳು ಮುದುಕಿ ಕೇಳಿದಳು. "ನಾವು ಸೇತುವೆ ಕೇಳ್ತಾ ಇದ್ರೆ ನೀನು ಅಲ್ಲಿ ಕೂತು ಬೇಡ ಅಂತ ಒತ್ತುತಾ ಇದ್ದೆಯಾ? ಸ್ವಂತ ತಂಗಿ ಹೆಣದ ಮೇಲೆ ಒತ್ತಿದೆಯಲ್ಲೇ!"

ಯಾರೂ ಮುದುಕಿಯನ್ನು ಸುಮ್ಮನಾಗಿಸಲಿಲ್ಲ. ತಂಗಿಯ ಗಂಡ ಎದ್ದು ಹೊರಗೆ ಹೋದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

ಆಮೇಲೆ ಕೆಲವು ವಾರ ಅವಳು ಹಗ್ಗ ಹಿಡಿದು ಹೋದಳು, ಹಗ್ಗ ಹಿಡಿದು ಬಂದಳು. ಬಾವಿಯ ಬಳಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು.

ಒಂದು ದಿನ ಗುಮಾಸ್ತ ಅವಳನ್ನು ಕರೆದು, ಎಂದೂ ಇಲ್ಲದ್ದು, ಚಹಾ ಕೊಟ್ಟ. ಗಾಜಿನ ಲೋಟದಲ್ಲಿ.

"ಮೇಲಿನಿಂದ ತಪಾಸಣೆ ಅಧಿಕಾರಿ ಬರ್ತಾರೆ. ಯಾರೋ ಕೆಲಸವಿಲ್ಲದವರು ಪೇಪರಿನಲ್ಲಿ ಬರೆದಿದ್ದಾರೆ, ಮಂತ್ರಿಗಳು ಸುಳ್ಳು ಪ್ರವಾಸ ತೋರಿಸಿದ್ದಾರೆ ಅಂತ. ನಿನ್ನನ್ನ ಕೇಳ್ತಾರೆ. ಮಂತ್ರಿಗಳು ಬಂದಿದ್ರಾ ಅಂತ. ಹೌದು ಅನ್ನು. ಅಷ್ಟೇ."

ಅವಳು ಲೋಟ ಕೆಳಗಿಟ್ಟಳು.

"ಮಂತ್ರಿಗಳಿಗೆ ನಿನ್ನ ವಿಷಯ ಹೇಳಿದ್ದೀನಿ. ಸೇತುವೆ ಕೊಡ್ತಾರಂತೆ. ಮುಂದಿನ ಮಳೆಯೊಳಗೆ. ಒಂದು ಹೌದಿಗೆ ಒಂದು ಸೇತುವೆ. ನಿಮ್ಮ ಕೇರಿಯಲ್ಲಿ ಇಷ್ಟು ಬೆಲೆಯ ಮಾತು ಯಾರಾದ್ರೂ ಆಡಿದ್ದಾರೇನೇ?"

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಏಳು ಸುಳ್ಳು ಹೆಬ್ಬೆಟ್ಟು ಯಾರದ್ದು? ನಂದಾ? ಮಂತ್ರಿಗಳದ್ದಾ? ಜೈಲಿನ ಬೆಡ್‌ಶೀಟು ಒಗೀಬೇಕಾಗುತ್ತೆ, ನೋಡ್ಕೋ."

ಚಹಾ ಆರಿತು. ಅವಳು ಕುಡಿಯಲಿಲ್ಲ. ಲೋಟ ತೊಳೆದು ಬೋರಲು ಹಾಕಿ ಹೋದಳು.

ದಾರಿಯಲ್ಲಿ ದರ್ಜಿಯ ಮಿಷನ್ನಿನ ಮುಂದೆ ಕೂತು ಎಲ್ಲ ಹೇಳಿದಳು. ಅವನು ದಾರ ಕಡಿದು ಮಿಷನ್ನು ನಿಲ್ಲಿಸಿದ.

"ಅಕ್ಕಾ, ಹೌದು ಅನ್ನಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ನಲವತ್ತು ಮನೆ ಇದೆ. ಅವನು ಕೊಟ್ಟೇ ಬಿಟ್ರೆ?"

"ಒಣ ಬೂಟಲ್ಲಿ ದಾಟಿದೆ ಅಂತ ಬರೆಸಿದ್ದಾನೆ. ಹೌದು ಅಂದ್ರೆ ಅದಕ್ಕೂ ಹೌದು ಅಂದ ಹಾಗೇ ಅಲ್ವಾ? ನೀರೇ ಇಲ್ಲದ ಹೊಳೆಗೆ ಸೇತುವೆ ಯಾಕೆ ಕಟ್ತಾನೆ?"

ದರ್ಜಿ ಸೂಜಿಗೆ ದಾರ ಪೋಣಿಸಲು ನೋಡಿದ. ಮೂರು ಸಲ ತಪ್ಪಿತು.

"ಕಟ್ಟೋದಿಲ್ಲ" ಅಂದ.

ಅಧಿಕಾರಿ ಬಂದದ್ದು ಮಳೆ ಹಿಡಿಯುವ ಮುಂಚಿನ ವಾರ. ಕನ್ನಡಕದ, ತೆಳ್ಳನೆಯ ಮನುಷ್ಯ. ಊಟದ ಮೇಜಿನ ಮೇಲೆ ರಿಜಿಸ್ಟರು ಹರಡಿದ್ದ. ಅವನ ಕುರ್ಚಿಯ ಹಿಂದೆ ಗುಮಾಸ್ತ. ಬಾಗಿಲ ಬಳಿ ಡ್ರೈವರ್. ಅಧಿಕಾರಿಯನ್ನು ಕರೆತಂದ ಗಾಡಿಯೂ ಅದೇ, ಡ್ರೈವರೂ ಅವನೇ.

"ಕೂತ್ಕೊಳ್ಳಮ್ಮ."

ಅವಳು ಕುರ್ಚಿ ನೋಡಿದಳು. ನಿಂತೇ ಇದ್ದಳು.

"ಇದು ನಿನ್ನ ಹೆಬ್ಬೆಟ್ಟಾ?"

"ನಂದೇ."

"ಏಳೂ?"

"ಏಳೂ ನಂದೇ."

"ಹಾಗಾದ್ರೆ ಮಂತ್ರಿಗಳು ಏಳು ಸಲ ಬಂದು ಇಲ್ಲಿ ಮಲಗಿದ್ರು. ಅಲ್ವಾ?"

ಗುಮಾಸ್ತ ಅವನ ಹಿಂದಿನಿಂದ ತಲೆ ಆಡಿಸಿ ತೋರಿಸಿದ. ಹೇಗೆ ಆಡಿಸಬೇಕು ಅಂತ.

"ಬಂದಿಲ್ಲ" ಅಂದಳು.

"ಸರಿಯಾಗಿ ಕೇಳಿಸ್ಕೋ. ಸುಳ್ಳು ದಾಖಲೆಗೆ ಒತ್ತಿದವರಿಗೆ ಶಿಕ್ಷೆ ಇದೆ."

"ಹೆಬ್ಬೆಟ್ಟಿನ ಪಕ್ಕ ಏನು ಬರೆದಿದೆ ಓದಿ ಸಾರ್."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ಬೆಡ್‌ಶೀಟು ಎರಡು, ದಿಂಬಿನ ಕವರು ಎರಡು, ಟವೆಲು ಒಂದು, ಒಗೆದದ್ದು."

"ಒಗೆದಿದ್ದೀನಿ. ಮಲಗಿದ್ರು ಅಂತ ನಾನು ಎಲ್ಲೂ ಒತ್ತಿಲ್ಲ. ಯಾರೂ ಮಲಗದ ಬಟ್ಟೆ. ಮಡಿಕೆ ಬಿಚ್ಚಿ ಒಗೆದೆ. ಸೋಪು ಹಾಕಿ ಒಗೆದೆ. ನನ್ನ ಹೆಬ್ಬೆಟ್ಟು ಸುಳ್ಳಾಗಬಾರದು ಅಂತ ಒಗೆದೆ. ಆರು ಸಲ."

"ಏಳು ಇದೆಯಲ್ಲ."

ಅವಳು ಕೈಯನ್ನು ಮೇಜಿನ ಮೇಲಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಒರೆಸುವ ಬಟ್ಟೆಯಿಲ್ಲದ ಕೈ.

"ಏಳನೇದು ಸುಳ್ಳು. ಆ ದಿನ ನಾನು ಬೆಡ್‌ಶೀಟು ಒಗೆದಿಲ್ಲ. ಆ ದಿನ ನನ್ನ ತಂಗೀನ ತೊಳೆದೆ. ಬಾಯಿ ತುಂಬಾ ಕೆಸರಿತ್ತು. ಕೂದಲಲ್ಲಿ ಬೇರು ಸಿಕ್ಕಿತ್ತು. ಆರು ಕೊಡ ನೀರು ಬೇಕಾಯ್ತು. ಬೂಟು ತೋಯದಷ್ಟು ನೀರಿತ್ತಂತೆ ಹೊಳೇಲಿ. ಅದರಲ್ಲಿ ಹೋದಳು. ಇವರು ಬರ್ತಾರೆ ಹಾಸಿಗೆ ಹಾಸಿ ಅಂತ ಕೂಗಿದ್ರಲ್ಲ, ಅದಕ್ಕೆ ಬರ್ತಾ ಹೋದಳು. ಮೂರು ದಿನ ಕಳೆದು ಒತ್ತು ಅಂದ್ರು. ಒತ್ತಿಬಿಟ್ಟೆ. ಅದೊಂದು ನನ್ನ ತಪ್ಪು. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಹೌದು ಅಂತ ಮಾತ್ರ ನಾನು ಅನ್ನೋದಿಲ್ಲ."

"ಸುಳ್ಳು ಬೊಗಳ್ತಾಳೆ ಸಾರ್" ಗುಮಾಸ್ತ ಮುಂದೆ ಬಂದ. "ಕೆಳಗಿನ ಜನ. ಯಾರೋ ಹೇಳಿಕೊಟ್ಟಿದ್ದಾರೆ."

ಅಧಿಕಾರಿ ಬಾಗಿಲ ಕಡೆ ತಿರುಗಿದ. "ಏನಯ್ಯಾ, ಗಾಡಿ ಓಡಿಸಿದವನು ನೀನು. ಮಂತ್ರಿಗಳನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೆಯಾ?"

ಡ್ರೈವರ್ ಅವಳನ್ನು ನೋಡಲಿಲ್ಲ. ತನ್ನ ಚಪ್ಪಲಿ ನೋಡಿದ.

"ಕರ್ಕೊಂಡು ಬಂದಿದ್ದೆ ಸಾರ್."

ಅವಳು ಅವನನ್ನು ಬೈಯಲಿಲ್ಲ. ಅವನಿಗೂ ಮಕ್ಕಳಿದ್ದಾರೆ. ಅಧಿಕಾರಿ ಏನೋ ಬರೆದುಕೊಂಡ. ಬಹಳ ಹೊತ್ತು ಬರೆದ. "ಇದಕ್ಕೆ ಒತ್ತು" ಅಂತ ಕಾಗದ ಸರಿಸಿದ.

"ಓದಿ ಹೇಳಿ."

"ನೀನು ಹೇಳಿದ್ದೇ ಬರೆದಿದ್ದೀನಿ."

"ಓದಿ ಹೇಳಿ ಸಾರ್. ಓದದೆ ಒತ್ತಿ ಕೆಟ್ಟಿದ್ದೀನಿ."

ಅವನು ಓದಿದ. "ಬಟ್ಟೆ ಒಗೆಯದೆ ಸುಳ್ಳು ಹೆಬ್ಬೆಟ್ಟು ಒತ್ತಿರುವುದನ್ನು ಒಪ್ಪಿಕೊಂಡಿರುತ್ತಾಳೆ." ಅಷ್ಟೇ ಇತ್ತು. ಆರು ಸಲದ ಮಾತಿಲ್ಲ. ತಂಗಿಯ ಮಾತಿಲ್ಲ. ಹೊಳೆಯ ಮಾತಿಲ್ಲ.

ಅವಳು ಹೆಬ್ಬೆಟ್ಟನ್ನು ಒಳಗಿಟ್ಟು ಮುಷ್ಟಿ ಕಟ್ಟಿದಳು. ಗುಮಾಸ್ತ ಮಣಿಕಟ್ಟು ಹಿಡಿದ. ಶಾಯಿಯ ಡಬ್ಬಿಯ ಕಡೆ ಎಳೆದ. ಒಂದೊಂದೇ ಬೆರಳು ಬಿಡಿಸಲು ನೋಡಿದ. ಆದರೆ ಒಂದು ವರ್ಷದಿಂದ ಒಂಟಿಯಾಗಿ ಬೆಡ್‌ಶೀಟು ಹಿಂಡಿದ ಕೈ ಅದು. ಸರಳಿನ ಜೊತೆ ಹಣಾಹಣಿ ನಡೆಸಿದ ಕೈ. ಗುಮಾಸ್ತನಿಗೆ ಬಗ್ಗಲಿಲ್ಲ. ಅವನಿಗೆ ಏದುಸಿರು ಬಂತು. ಶಾಯಿ ಡಬ್ಬಿ ಉರುಳಿ ಮೇಜಿನ ಮೇಲೆ ಚೆಲ್ಲಿತು.

"ಬಿಡ್ರೀ" ಅಂದ ಅಧಿಕಾರಿ.

ಅವಳು ಹೊರಗೆ ಬಂದಳು. ಒರೆಸುವುದಕ್ಕೆ ನಿಲ್ಲಲಿಲ್ಲ. ಮೇಜಿನ ಮೇಲೆ ಏನೇ ಚೆಲ್ಲಿದರೂ ಒರೆಸದೆ ಅವಳು ಆ ಬಾಗಿಲು ದಾಟಿದ್ದು ಅದೇ ಮೊದಲು.

ಸಂಜೆ ದರ್ಜಿಯ ಮಿಷನ್ನಿನ ಮುಂದೆ ನಡೆದದ್ದೆಲ್ಲ ಹೇಳಿದಳು. ಸೇತುವೆ ಹೋಯಿತು ಅಂತಲೂ ಹೇಳಿದಳು. ಯಾರೂ ಶಭಾಷ್ ಅನ್ನಲಿಲ್ಲ. ಮುದುಕಿ ಮಾತ್ರ ಮರುದಿನ ಬಾವಿಯ ಬಳಿ ತನ್ನ ಕೊಡ ಪಕ್ಕಕ್ಕೆ ಸರಿಸಿ, "ಮೊದಲು ನೀನು ತುಂಬ್ಕೋ" ಅಂದಳು.

ಮಳೆ ಹಿಡಿಯಿತು. ಹನ್ನೆರಡನೆಯ ದಿನ ಗುಮಾಸ್ತ ಈಚೆ ದಡದಲ್ಲಿ ಕಾಣಿಸಿಕೊಂಡ. ಕೊಡೆ, ಬೂಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ. ಹೊಳೆ ಕೆಂಪಗೆ ತಿರುಗಿತ್ತು. ಆಚೆ ದಡದ ಬಂಡೆಯ ಮೇಲೆ ಬಂಗಲೆಯಕ್ಕ ತಂಗಿಯ ಮಕ್ಕಳ ಕಂಬಳಿ ಒಗೆಯುತ್ತಿದ್ದಳು. ಬಂಡೆಯ ಹಿಂದೆ ತಂಗಿಯ ಗಂಡ ಕೂತು ಹಗ್ಗದ ಸವೆದ ಕಡೆ ಹೊಸ ಎಳೆ ಸೇರಿಸುತ್ತಿದ್ದ.

"ಏಯ್! ನಿನ್ನನ್ನ ಕೆಲಸದಿಂದ ತೆಗೆದಿದ್ದಾರೆ!" ಗುಮಾಸ್ತ ಕೂಗಿದ. "ಆರ್ಡರ್ ಬಂದಿದೆ! ಬಂದು ಹೆಬ್ಬೆಟ್ಟೊತ್ತಿ ತಗೋ!"

ಅವಳು ಬಡಿಯುವುದನ್ನು ನಿಲ್ಲಿಸಿದಳು.

"ಮಂತ್ರಿಗಳಿಗೆ ಏನಾಯ್ತು?"

"ಅವರಿಗೇನಾಗುತ್ತೆ? ತಪ್ಪೆಲ್ಲ ಕೆಳಗಿನವರದ್ದು ಅಂತ ಬರೆದಾಯ್ತು! ಬಾ! ನೀನು ಒತ್ತದಿದ್ರೆ ಫೈಲು ಮುಗಿಯೋದಿಲ್ಲ!"

ಅವಳು ಎದ್ದು ನಿಂತಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು. ಕೇರಿಯ ಬಾಗಿಲುಗಳಿಗೆ ಕೇಳುವಷ್ಟು ಜೋರಾಗಿ.

"ನೀವೇ ಬನ್ನಿ ಸಾರ್! ನಡ್ಕೊಂಡೇ ಬನ್ನಿ! ಬೂಟು ತೋಯೋದಿಲ್ಲ!"

ಗುಮಾಸ್ತ ನೀರು ನೋಡಿದ. ಹಗ್ಗ ನೋಡಿದ. ಒಂದು ಹೆಜ್ಜೆ ಇಟ್ಟ. ಬೂಟಿನೊಳಗೆ ನೀರು ನುಗ್ಗಿತು. ಹಿಂದಕ್ಕೆ ಜಿಗಿದ. ಆಚೆ ದಡದಲ್ಲಿ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ದರ್ಜಿ ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದ. ಯಾರೂ ನಗಲಿಲ್ಲ. ಯಾರೂ ಹಗ್ಗ ಹಿಡಿದು ಇಳಿದು ಆ ಕಾಗದ ತಂದುಕೊಡಲಿಲ್ಲ. ಗುಮಾಸ್ತ ಕೊಡೆಯಡಿ ನಿಂತೇ ಇದ್ದ. ನೀರು ಏರುತ್ತಿತ್ತು.

ಕಂಬಳಿ ನೀರು ಕುಡಿದು ಭಾರವಾಗಿತ್ತು. ಅವಳು ಒಂದು ತುದಿ ಎತ್ತಿಕೊಂಡು ಸುತ್ತ ನೋಡಿದಳು. ಅಲ್ಲಿ ಸರಳಿರಲಿಲ್ಲ.

ತಂಗಿಯ ಗಂಡ ಹಗ್ಗ ಕೆಳಗಿಟ್ಟು ಎದ್ದು ಬಂದ. ಇನ್ನೊಂದು ತುದಿ ಹಿಡಿದ. ಅವನಿಗೆ ಹಿಂಡುವುದು ಗೊತ್ತಿರಲಿಲ್ಲ, ಎಡಕ್ಕೆ ತಿರುವಿದ. ಕಂಬಳಿ ಬಿಚ್ಚಿಕೊಂಡಿತು.

"ಬಲಕ್ಕೆ" ಅಂದಳು. "ನಿನ್ನ ಬಲಕ್ಕೆ. ತಿರುವು."